ಜೋಗಣ್ಣನ ಪಾಲಿನ ನೇರಳೆ ರಸ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕಥೆ ಬರೆದು ಅಭ್ಯಾಸವಿಲ್ಲ. ಗುರು ಶಿಷ್ಯರ ಕಥೆಯಲ್ಲಿ ಮಾತು ಕಡಿಮೆ ಇರಬೇಕಂತೆ. ಹೇಳಿದ್ದು ತಿಳಿಯದೆ ಹೋದರೆ ಎಂಬ ಭಯಕ್ಕೆ ನಾನು ನಡುನಡುವೆ ವಿವರಿಸುತ್ತೇನೆ. ಸಹಿಸಿಕೊಳ್ಳಿ.

ಒಂದು ನದಿ. ಅದರ ದಡದಲ್ಲಿ ಒಂದು ಆಶ್ರಮ. ಅಲ್ಲಿ ಒಬ್ಬ ಗುರು, ಮಾದಪ್ಪನೆಂಬ ಶಿಷ್ಯ.

ಮಾದಪ್ಪನಿಗೆ ನೇರಳೆ ರಸದ ಹುಚ್ಚು. ನೇರಳೆ ಹಣ್ಣು ಕಿವುಚಿ, ಬೆಲ್ಲ ಬೆರೆಸಿ, ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಹುಳಿಯಲು ಬಿಡುವುದು. ಅಮಲಿಗಾಗಿ ಅಲ್ಲ, ಊಟದ ಮೇಲೆ ಜೀರ್ಣಕ್ಕೆ ಎಂದು ಮಾದಪ್ಪ ಹೇಳುತ್ತಿದ್ದ. ನಾವೂ ಹಾಗೇ ನಂಬೋಣ.

ನೇರಳೆ ಮರಗಳಿದ್ದದ್ದು ಆಚೆ ದಡದಲ್ಲಿ. ಅಂಬಿಗ ಜೋಗಣ್ಣ ಬುಟ್ಟಿ ತುಂಬ ಹಣ್ಣು ಆರಿಸಿ ದೋಣಿಯಲ್ಲಿ ತಂದುಕೊಡುತ್ತಿದ್ದ. ಬದಲಿಗೆ ಅವನು ಕೇಳಿದ್ದು ಒಂದೇ.

“ಆದ ಮೇಲೆ ನಂಗೊಂದು ಲೋಟ ಕೊಡಪ್ಪಾ.”

ಇಂಥ ರಸ ಮಾಡುವವರ ಅಭ್ಯಾಸಗಳನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಮಾದಪ್ಪ ಬೆಳಗೆದ್ದು ಮೊದಲು ಭರಣಿಗೆ ಕಿವಿ ಕೊಡುತ್ತಿದ್ದ. ಒಳಗೆ ಗುಳುಗುಳು ಕೇಳಿದರೆ ಮುಖ ಅರಳುತ್ತಿತ್ತು. ಕೇಳದಿದ್ದರೆ ಅವತ್ತು ಅವನಿಗೆ ಪ್ರಾರ್ಥನೆಯಲ್ಲಿ ಮನಸ್ಸಿಲ್ಲ. ಚಳಿ ಬಿದ್ದಾಗ ತನ್ನ ಕಂಬಳಿಯನ್ನು ಭರಣಿಗೆ ಹೊದಿಸಿ ತಾನು ನಡುಗುತ್ತಿದ್ದ. ಮಜ್ಜಿಗೆ ಕಡೆದ ಕೈಯಲ್ಲಿ ಯಾರಾದರೂ ಹತ್ತಿರ ಬಂದರೆ ರಸ ಕೆಡುತ್ತದೆಂದು ಕೂಗಾಡುತ್ತಿದ್ದ.

ಯಾರಿಗಾದರೂ ಒಂದು ಹನಿ ಕೊಡಬೇಕಾದರೆ ಮೊದಲು ಅವರು ನೀರಿನಿಂದ ಬಾಯಿ ಮುಕ್ಕಳಿಸಬೇಕು. ನಾಲಿಗೆಯಲ್ಲಿ ಸಾರಿನ ರುಚಿ ಉಳಿದಿರಬಾರದು, ಅದು ಅವನ ಕಟ್ಟಳೆ. ಆಮೇಲೆ ಅವರು ನುಂಗುವ ತನಕ ಅವರ ಮುಖವನ್ನೇ ನೋಡುತ್ತ ಕೂರುತ್ತಿದ್ದ.

ಒಮ್ಮೆ ಗುರುಗಳು ಮಜ್ಜಿಗೆಯನ್ನು ತೆಂಗಿನ ಚಿಪ್ಪಿನಲ್ಲಿ ಕುಡಿಯುತ್ತಿದ್ದರು.

“ಚಿಪ್ಪಿನಲ್ಲಿ ಯಾಕೆ, ಬುದ್ಧಿ?” ಎಂದ ಮಾದಪ್ಪ.

“ಲೋಟಗಳೆಲ್ಲ ನಿನ್ನ ಸೇವೆಯಲ್ಲಿವೆ.”

ಆಶ್ರಮದ ಲೋಟಗಳಲ್ಲೆಲ್ಲ ಮಾದಪ್ಪ ರಸದ ಮಾದರಿ ತೆಗೆದಿಟ್ಟಿದ್ದ. ನಾಚಿಕೊಂಡ. ಒಂದನ್ನೂ ಖಾಲಿ ಮಾಡಲಿಲ್ಲ.

ಜೋಗಣ್ಣ ಬಂದಾಗಲೆಲ್ಲ ದೋಣಿಯಿಂದಲೇ ಕೂಗುತ್ತಿದ್ದ. “ಏನಪ್ಪಾ, ಆಯ್ತಾ?”

“ಇನ್ನೂ ಒಗರಿದೆ, ಜೋಗಣ್ಣ. ತಡಿ.”

ಇನ್ನೊಂದು ಸಲ, “ಒಗರು ಹೋಯ್ತು, ಆದರೆ ತಿಳಿಯಾಗಿಲ್ಲ. ತಡಿ.”

“ನನ್ನ ಮಗಳಿಗೆ ಗಂಡು ಹುಡುಕುವಾಗಲೂ ನಾನು ಇಷ್ಟು ಕುಂದು ಹುಡುಕಲಿಲ್ಲ ಕಣಯ್ಯಾ!” ಎಂದು ಜೋಗಣ್ಣ ನಗುತ್ತ ಹುಟ್ಟು ಹಾಕುತ್ತಿದ್ದ.

ಮಳೆಗಾಲ ಬಂತು, ಹೋಯಿತು. ಒಂದು ದಿನ ಗುರುಗಳು ಭರಣಿಯ ಪಕ್ಕ ನಿಂತರು.

“ಇದು ಯಾರಿಗೆ?”

“ಮೊದಲ ಲೋಟ ಜೋಗಣ್ಣನಿಗೆ, ಬುದ್ಧಿ. ಅದಕ್ಕೇ ಹದ ಬರಲಿ ಅಂತ ಕಾಯ್ತಿದ್ದೀನಿ. ಅವನಿಗೆ ಅರೆಬರೆ ಕೊಡೋಕೆ ಮನಸ್ಸಿಲ್ಲ.”

“ದೋಣಿಯಲ್ಲಿ ಯಾರಿದ್ದಾರೆ, ನೋಡು.”

ಮಾದಪ್ಪ ನದಿಯ ಕಡೆ ನೋಡಿದ. ಹುಟ್ಟು ಹಾಕುತ್ತಿದ್ದವನು ಜೋಗಣ್ಣನ ಅಳಿಯ.

“ಜೋಗಣ್ಣ ಎಲ್ಲಿ?”

“ಜ್ವರ ಬಂದು ಮಲಗಿದ್ದಾನೆ,” ಎಂದರು ಗುರುಗಳು. “ನೀನು ಭರಣಿಗೆ ಕಿವಿ ಕೊಟ್ಟಿದ್ದಾಗ ಅವನ ಅಳಿಯ ಬಂದು ಹೇಳಿ ಹೋದ.”

ಅವತ್ತೇ ಹೋಗಬೇಕಿತ್ತು. ಮಾದಪ್ಪ ಹೋಗಲಿಲ್ಲ. ತಳದ ಗಸಿ ಇನ್ನೊಮ್ಮೆ ಕೂರಲಿ, ಬಟ್ಟೆಯಲ್ಲಿ ಇನ್ನೊಮ್ಮೆ ಸೋಸೋಣ ಎಂದುಕೊಂಡ. ಅವನಿಗೆ ಪ್ರೀತಿ ಇರಲಿಲ್ಲವೆಂದು ತಿಳಿಯಬೇಡಿ. ಪ್ರೀತಿಯಿಂದಲೇ ಸೋಸಿದ.

ಕೊನೆಗೆ ರಸ ಹದವಾಯಿತು. ಜೋಗಣ್ಣನ ಜ್ವರವೂ ಬಿಟ್ಟಿತ್ತು. ಮಾದಪ್ಪ ನದಿ ದಾಟಿ ಅವನ ಗುಡಿಸಲಿಗೆ ಹೋದ.

ಜೋಗಣ್ಣ ಬಡವಾಗಿದ್ದ. “ಬಂದ್ಯಾ! ಆಯ್ತಾ?”

“ಆಯ್ತು, ಜೋಗಣ್ಣ.”

ಮಾದಪ್ಪ ಎರಡು ಹಿತ್ತಾಳೆ ಲೋಟ ಇಟ್ಟ. ಒಂದರಲ್ಲಿ ಬಾಯಿ ಮುಕ್ಕಳಿಸಲು ನೀರು. ಇನ್ನೊಂದರಲ್ಲಿ ರಸ. ಒಳಗೆ ಮಬ್ಬುಗತ್ತಲೆ, ಲೋಟದಲ್ಲಿರುವುದರ ಬಣ್ಣ ಕಾಣುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಮಾದಪ್ಪ ಬಾಯಿ ತೆರೆಯುವ ಮೊದಲೇ ಜೋಗಣ್ಣ ನೀರಿನ ಲೋಟ ಎತ್ತಿ, ಕಣ್ಣು ಮುಚ್ಚಿ, ಗುಟುಕು ಗುಟುಕಾಗಿ ಪೂರ್ತಿ ಕುಡಿದ.

“ಆಹಾ! ಎಂಥಾ ರುಚಿ ಕಣಪ್ಪಾ. ಕಾದಿದ್ದಕ್ಕೂ ಸಾರ್ಥಕ ಆಯ್ತು.”

ಮಾದಪ್ಪ ಬಾಗಿಲಲ್ಲಿ ನಿಂತಿದ್ದ ಜೋಗಣ್ಣನ ಹೆಂಡತಿಯನ್ನು ನೋಡಿದ. ಅವಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು. “ಜ್ವರ ಬಿಟ್ಟಾಗಿಂದ ನಾಲಿಗೆ ಸತ್ತೋಗೈತೆ, ಸ್ವಾಮಿ. ಉಪ್ಪೂ ತಿಳಿಯಾಕಿಲ್ಲ, ಹುಳೀನೂ ತಿಳಿಯಾಕಿಲ್ಲ. ಯಾರ್ಗೂ ಹೇಳ್ಬ್ಯಾಡ ಅಂದವ್ನೆ.”

ಜೋಗಣ್ಣ ಇನ್ನೊಂದು ಲೋಟ ತೋರಿಸಿದ. “ಇದೇನು?”

ಮಾದಪ್ಪ ಅದನ್ನು ಅವನ ಕಡೆ ಸರಿಸಿದ. “ನೀರು. ಬಾಯಿ ಮುಕ್ಕಳಿಸೋಕೆ.”

ಜೋಗಣ್ಣ ಅದನ್ನೆತ್ತಿ ಬಾಯಿ ಮುಕ್ಕಳಿಸಿ ಬಾಗಿಲಾಚೆ ಉಗುಳಿದ. ತಿರುಗಿ ಬಂದು ಕೂತ.

ಹೊರಡುವಾಗ ಮಾದಪ್ಪ ಅಂಗಳದಲ್ಲಿ ನೇರಳೆ ಬಣ್ಣದ ಕಲೆಯನ್ನು ಕಂಡ. ಕಾಲಿನಿಂದ ಅದರ ಮೇಲೆ ಮಣ್ಣು ಎಳೆದ.

ಆಶ್ರಮಕ್ಕೆ ಬಂದವನೇ ಭರಣಿಯನ್ನು ಎತ್ತಿಕೊಂಡು ನದಿಗೆ ನಡೆದ.

“ಎಲ್ಲಿಗೆ?” ಎಂದರು ಗುರುಗಳು.

“ಸುರಿಯೋಕೆ, ಬುದ್ಧಿ. ಇನ್ನು ಇದು ಯಾಕೆ?” ನಡೆದದ್ದನ್ನೆಲ್ಲ ಹೇಳಿ ಅತ್ತ.

ಗುರುಗಳು ತೆಂಗಿನ ಚಿಪ್ಪು ಚಾಚಿದರು. “ಹಾಕು.”

ಹಾಕಿದ. ಗುರುಗಳು ಕುಡಿದರು. ಮೊದಲ ಸಲ ಮಾದಪ್ಪ ಕುಡಿಯುವವರ ಮುಖ ನೋಡಲಿಲ್ಲ. ಹೇಗಿದೆ ಎಂದು ಕೇಳಲೂ ಇಲ್ಲ.

“ಅವನು ಕುಡಿದದ್ದು ನೀರು ಅಂತ ಹೇಳಿಬಿಡಲೇ, ಬುದ್ಧಿ?”

ಗುರುಗಳು ಚಿಪ್ಪನ್ನು ತೊಳೆದು ಬೋರಲು ಇಟ್ಟರು.

“ನಾಳೆ ಮತ್ತೆ ಹೋಗು. ಅವನ ಪಕ್ಕದಲ್ಲಿ ಕೂತು ನೀನು ಕುಡಿ. ಹೇಗಿದೆ ಅಂತ ಅವನಿಗೆ ಹೇಳು.”

ಇಲ್ಲಿಗೆ ನಿಲ್ಲಿಸಬೇಕು ಎಂದು ಗೊತ್ತು. ಆದರೂ ಗುರುಗಳ ಮಾತನ್ನು ಸ್ವಲ್ಪ ಬಿಡಿಸಿ ಹೇಳಿದರೆ ಒಳ್ಳೆಯದು. ಅವರು ಹೇಳಿದ್ದರಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಏನೆಂದರೆ, ಮಾದಪ್ಪ ಅಷ್ಟು ದಿನ ಯಾರಿಗೆ...

ಇರಿ, ಒಳಗಿನಿಂದ ನಮ್ಮ ಅತ್ತಿಗೆ ಕೂಗುತ್ತಿದ್ದಾರೆ. ದೋಸೆ ಹಾಕಿದ್ದಾರಂತೆ, ಆರಿಹೋಗುತ್ತದಂತೆ. ಬಂದೆ ಅತ್ತಿಗೆ, ಈಗಲೇ ಬಂದೆ.