ಕಾಲು ಊರಿದ ಮುಂಗುಸಿ

ಎಲ್ ಬೋರ್ಡ್ ಅಂಟಿಸಿಕೊಂಡು ಬೈಕ್ ಕಲಿತ ಮುಂಗುಸಿ ಲೈಸೆನ್ಸ್ ಪರೀಕ್ಷೆಗೆ ಬಂದಾಗ ಅದಕ್ಕೊಂದು ಸೋಜಿಗ ಕಾದಿತ್ತು. ಅದರ ಕಣ್ಣೆದುರೇ ಮೊಲ ಒಮ್ಮೆಯೂ ಕಾಲು ಊರದೆ ಚೆಂದವಾಗಿ ಎಂಟು ಹಾಕಿತ್ತು. ಆದರೂ ಫೇಲು!

"ಯಾಕಣ್ಣ?" ಎಂದರೆ ಮೊಲ, "ಸೀಟಿ ಹಿಡಿದ ಆ ಕೊಕ್ಕರೆಯನ್ನೇ ಕೇಳು" ಎಂದು ಮುಖ ತಿರುಗಿಸಿತು.

ಕೊಕ್ಕರೆ ಒಂಟಿಕಾಲಲ್ಲೇ ನಿಂತು, "ಎಂಟು ಹಾಕು. ಕಾಲು ನೆಲಕ್ಕೆ ತಾಗಿತೋ, ಮುಂದಿನ ತಿಂಗಳು ಬಾ" ಎಂದು ಸೀಟಿ ಊದಿತು.

ಮುಂಗುಸಿ ಉಸಿರು ಬಿಗಿಹಿಡಿದು ಹೊರಟಿತು. ಮೊದಲ ತಿರುವು ಸಲೀಸಾಗಿ ಕಳೆಯಿತು. ಎರಡನೆಯದರಲ್ಲಿ ನೋಡಿದರೆ, ಬಸವನಹುಳುವೊಂದು ತನ್ನ ಪಾಡಿಗೆ ತಾನು ದಾರಿ ದಾಟುತ್ತಿದೆ. ಮುಂಗುಸಿ ಗಕ್ಕನೆ ಬ್ರೇಕ್ ಹಿಡಿದು, ಎರಡೂ ಕಾಲು ಊರಿ ನಿಂತುಬಿಟ್ಟಿತು.

"ಹೋಯ್ತು ನಿನ್ನ ಲೈಸೆನ್ಸು!" ಎಂದು ಮೊಲ ನಕ್ಕಿತು. "ನಾನು ಅದರ ಚಿಪ್ಪು ಸವರಿಕೊಂಡೇ ಹೋದೆ. ಕಾಲು ಮಾತ್ರ ಊರಲಿಲ್ಲ."

ಕೊಕ್ಕರೆ ಹತ್ತಿರ ಬಂದು, ಮುಂಗುಸಿಯನ್ನು ಬಿಟ್ಟು ಬಸವನಹುಳುವಿನ ಮುಂದೆ ಕತ್ತು ಬಗ್ಗಿಸಿತು. "ಇನ್ಸ್‌ಪೆಕ್ಟರ್ ಸಾಹೇಬರೇ, ಇವನಿಗೆ ಏನು ಹೇಳಲಿ?"

"ಪಾಸು ಅಂತ ಹೇಳಪ್ಪ" ಎಂದಿತು ಬಸವನಹುಳು. "ಬೆಳಗಿನಿಂದ ಬಂದವರಲ್ಲಿ, ನಾನು ಚಿಪ್ಪಿನೊಳಗೆ ಅವಿತುಕೊಳ್ಳದೆ ದಾರಿ ದಾಟಿದ್ದು ಇವನೊಬ್ಬನ ಮುಂದೆ."