ಎರಡು ಗೂಟದ ಹಸು

“ಗುರುಗಳೇ, ಈ ಮೂರರಲ್ಲಿ ಯಾವುದನ್ನು ಕೊಳ್ಳೋಣ?” ಎಂದು ಗಿರಿಮಲ್ಲ ಕೇಳಿದ.

ಆಶ್ರಮ ನಡೆಸುವ ಒಂಬತ್ತು ಧರ್ಮಾಸ್ಪತ್ರೆಗಳ ಉಸ್ತುವಾರಿ ಅವನದು. ಒಂದೊಂದು ಆಸ್ಪತ್ರೆಯಲ್ಲೂ ರೋಗಿಗಳ ವಿವರ ಒಂದೊಂದು ರೀತಿಯಲ್ಲಿತ್ತು. ಒಬ್ಬನೇ ರೋಗಿ ಮೂರು ಕಡೆ ಮೂರು ಜನರಾಗಿ ಕೂತಿದ್ದ. ಎಲ್ಲವನ್ನೂ ಒಂದು ಕಡೆ ತಂದು, ಒಬ್ಬ ರೋಗಿಗೆ ಒಂದೇ ದಾಖಲೆ ಎಂದು ಮಾಡುವ ತಂತ್ರಾಂಶ ಬೇಕಾಗಿತ್ತು. ನಾಲ್ಕು ತಿಂಗಳಿಂದ ಅವನು ಅದರ ಹಿಂದೆಯೇ ಬಿದ್ದಿದ್ದ. ಮೂರು ಕಂಪನಿಗಳ ಕಾಗದಗಳನ್ನು ಗುರುಗಳ ಮುಂದೆ ಹರಡಿದ.

ಗುರುಗಳು ಕಾಗದ ಮುಟ್ಟಲಿಲ್ಲ. “ಒಬ್ಬ ರೋಗಿಯ ಬಗ್ಗೆ ಎರಡು ಆಸ್ಪತ್ರೆಗಳು ಎರಡು ಮಾತು ಹೇಳಿದರೆ ಯಾರ ಮಾತು ನಿಲ್ಲಬೇಕು?” ಎಂದರು.

“ಅದನ್ನೆಲ್ಲ ತಂತ್ರಾಂಶವೇ ನೋಡಿಕೊಳ್ಳುತ್ತದಂತೆ. ಮೊದಲು ತಂದುಬಿಡೋಣ ಗುರುಗಳೇ, ಆಮೇಲೆ ಎಲ್ಲರೂ ಕೂತು ಮಾತಾಡಿದರಾಯಿತು.”

ಗುರುಗಳು ಕಾಗದಗಳನ್ನು ಪಕ್ಕಕ್ಕೆ ಸರಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಆಮೇಲೆ ಈ ಕತೆ ಹೇಳಿದರು.

ಒಂದು ಬೆಟ್ಟದ ಬುಡದಲ್ಲಿ ಮೂರು ಕೇರಿಗಳಿದ್ದವು. ಮೇಲಿನ ಕೇರಿ, ನಡುವಿನ ಕೇರಿ, ಕೆಳಗಿನ ಕೇರಿ. ಮೂರಕ್ಕೂ ದನವೇ ಬದುಕು. ಒಂದು ವರ್ಷ ದನಗಳಿಗೆ ದೊಡ್ಡ ರೋಗ ಬಂತು. ಜಡ್ಡು ಬಿದ್ದ ದನವನ್ನು ಎಲ್ಲಿ ಹೊಡೆದಟ್ಟುತ್ತಾರೋ ಎಂದು ಪ್ರತಿಯೊಂದು ಕೇರಿಯವರೂ ತಮ್ಮ ಕೊಟ್ಟಿಗೆಯಲ್ಲಿ ಬಚ್ಚಿಟ್ಟರು. ಹೀಗೆ ಬಚ್ಚಿಟ್ಟದ್ದರಿಂದಲೇ ರೋಗ ಹಬ್ಬಿತು. ಅರ್ಧದಷ್ಟು ದನ ಸತ್ತವು.

ಮೇಲಿನ ಕೇರಿಯಲ್ಲಿ ಒಬ್ಬ ಹಿರಿಯನಿದ್ದ. ಮೂರು ಕೇರಿಯವರೂ ಅವನ ಮಾತಿಗೆ ಬೆಲೆ ಕೊಡುತ್ತಿದ್ದರು. ರೋಗ ತಣ್ಣಗಾದ ಮೇಲೆ ಅವನ ಮಗಳು ಹೆರಿಗೆಗೆಂದು ತವರಿಗೆ ಬಂದಳು. ಹೆಣ್ಣು ಮಗು ಹುಟ್ಟಿತು, ತಾಯಿ ಉಳಿಯಲಿಲ್ಲ. ಅಳಿಯ ಮಗುವನ್ನು ಮಾವನ ತೊಡೆಯ ಮೇಲಿಟ್ಟು ಹೋದವನು ತಿರುಗಿ ನೋಡಲಿಲ್ಲ. ಕೂಸು ಬಹಳ ಸೂಕ್ಷ್ಮ. ಏನು ಕೊಟ್ಟರೂ ಕಕ್ಕುತ್ತಿತ್ತು. ಹಿರಿಯನ ಮನೆಯಲ್ಲಿ ಕೆಂಚಿ ಎಂಬ ಹಸುವಿತ್ತು. ಅದರ ಹಾಲಿಗೆ ನೀರು ಬೆರೆಸಿ ಕಾಯಿಸಿ ಕೊಟ್ಟರೆ ಮಾತ್ರ ಕೂಸಿಗೆ ದಕ್ಕುತ್ತಿತ್ತು. ಹಿರಿಯನಿಗೆ ಈಗ ಒಂದೇ ಭಯ. ಮತ್ತೆ ರೋಗ ಬಂದು ಕೆಂಚಿ ಸತ್ತರೆ ಮೊಮ್ಮಗಳು ಉಳಿಯುವುದಿಲ್ಲ.

ಅವನು ಕೂತು ಯೋಚಿಸಿದ. ಮೂರು ಕೊಟ್ಟಿಗೆಗಳಿದ್ದದ್ದರಿಂದ ತಾನೇ ಜನ ಬಚ್ಚಿಟ್ಟದ್ದು? ಎಲ್ಲ ದನವನ್ನೂ ಒಂದೇ ಸೂರಿನಡಿ ತಂದರೆ ಜಡ್ಡು ಬಿದ್ದದ್ದು ಆ ದಿನವೇ ಕಣ್ಣಿಗೆ ಬೀಳುತ್ತದೆ. ಅದನ್ನು ಬೇರೆ ಮಾಡಿದರೆ ಉಳಿದವು ಬದುಕುತ್ತವೆ. ಅವನ ಯೋಚನೆಯಲ್ಲಿ ತಪ್ಪಿರಲಿಲ್ಲ. ನನಗೆ ಸಂಕಟವಾಗುವುದು ಅದಕ್ಕೇ. ಮೂರ್ಖನೊಬ್ಬ ಹಾಳಾದ ಕತೆಯಾಗಿದ್ದರೆ ನಕ್ಕು ಮರೆಯಬಹುದಿತ್ತು.

ಆ ಕೇರಿಗಳಲ್ಲಿ ಒಂದು ಪದ್ಧತಿ ಇತ್ತು. ಹೆಚ್ಚು ದನವಿದ್ದವನು ಒಂದೆರಡನ್ನು ಇನ್ನೊಂದು ಕೇರಿಯವನಿಗೆ ಸಾಕಲು ಕೊಡುತ್ತಿದ್ದ. ಹಾಲು ಸಾಕಿದವನಿಗೆ, ಹುಟ್ಟಿದ ಕರುಗಳಲ್ಲಿ ಇಬ್ಬರಿಗೂ ಪಾಲು. ಅಂಥ ಪಾಲಿನ ಹಸು ಯಾರದು ಎಂದು ಕೇಳಿದರೆ ಒಡೆಯನೂ ನಮ್ಮದು ಎನ್ನುತ್ತಿದ್ದ, ಸಾಕಿದವನೂ ನಮ್ಮದು ಎನ್ನುತ್ತಿದ್ದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಇನ್ನು ದನವನ್ನು ಗುರುತಿಸುವ ಬಗೆಯೂ ಕೇರಿಗೊಂದು. ಮೇಲಿನ ಕೇರಿಯವರು ತೊಡೆಯ ಮೇಲಿನ ಬರೆಯಿಂದ ಗುರುತಿಸುತ್ತಿದ್ದರು. ನಡುವಿನ ಕೇರಿಯವರು ಮನೆಯ ಹೆಸರು ಹೇಳುತ್ತಿದ್ದರು. ಕೆಳಗಿನ ಕೇರಿಯವರು ತಾಯಿಯ ಹೆಸರು ಹಿಡಿದು, ಇಂಥವಳ ಎರಡನೆಯ ಕರು, ಮೂರನೆಯ ಕರು ಎನ್ನುತ್ತಿದ್ದರು. ಮೂರು ಕೊಟ್ಟಿಗೆಗಳಿದ್ದಾಗ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಹಿರಿಯ ಊರೂರು ಸುತ್ತಿ ದೊಡ್ಡ ದೊಡ್ಡ ಕೊಟ್ಟಿಗೆಗಳನ್ನು ನೋಡಿ ಬಂದ. ಹೆಸರಾದ ಬಡಗಿಯನ್ನು ಕರೆತಂದ. ಹೊನ್ನೆ ಮರವೋ ಮತ್ತಿ ಮರವೋ ಎಂದು ಪಂಚಾಯಿತಿ ಸೇರಿತು. ಬಾಗಿಲು ಯಾವ ದಿಕ್ಕಿಗಿರಬೇಕೆಂದು ಒಂಬತ್ತು ದಿನ ಮಾತಾಡಿದರು. ಎಲ್ಲರಿಗೂ ಹುರುಪು. ಹಿಂದೆಂದೂ ಬಾಯಿ ಬಿಡದವರೂ ಬಾಗಿಲಿನ ಬಗ್ಗೆ ಅಭಿಪ್ರಾಯ ಇಟ್ಟುಕೊಂಡಿದ್ದರು.

ಬಡಗಿ ಒಂದೇ ಒಂದು ಪ್ರಶ್ನೆ ಕೇಳಿದ: ಗೂಟ ಎಷ್ಟು ಹೂಡಬೇಕು? ಕೇರಿಗಳು ತಮ್ಮ ತಮ್ಮ ದನ ಎಣಿಸಿ ಹೇಳಿದವು. ಕೂಡಿಸಿದರೆ ಇನ್ನೂರ ನಲವತ್ತಾಯಿತು. ಬಡಗಿ ಇನ್ನೂರ ನಲವತ್ತು ಗೂಟ ಕಡಿಯತೊಡಗಿದ.

ಆಗ ಹಾಲು ಕರೆಯುವ ಒಬ್ಬ ಮುದುಕಿ ಹಿರಿಯನ ಬಳಿಗೆ ಬಂದಳು. ಮೂರು ಕೇರಿಯ ದನಗಳ ಕೆಚ್ಚಲೂ ಅವಳ ಕೈಗೆ ಗೊತ್ತು.

“ಯಜಮಾನ್ರೇ, ಗೂಟ ಆಮೇಲೆ ಹೂಡ್ಸಿ. ಒಂದು ದನಕ್ಕೆ ಒಂದೇ ಗುರುತು, ಅದ್ರ ಮಾತು ಹೇಳೋನು ಒಬ್ನೇ ಅಂತ ಮೊದ್ಲು ಗೊತ್ತು ಮಾಡ್ಕಳಿ. ಜಡ್ಡು ಬಂದ ದಿನ ಯಾರ್ನ ಕೇಳ್ತೀರಿ?”

“ಕೊಟ್ಟಿಗೆ ಒಂದು ಏಳ್ಲಿ ತಾಯಿ. ಎಲ್ಲ ಒಂದೇ ಸೂರಿನಡಿ ಬಂದ್ಮೇಲೆ ತಾನಾಗೇ ಸರಿಹೋಗ್ತದೆ.”

ಹಾಗೆಂದು ಅವಳನ್ನು ಕಳಿಸಿದ. ಆದರೆ ಮುದುಕಿ ಹೇಳಿದ್ದು ಸರಿ ಎಂದು ಅವನಿಗೆ ತಿಳಿದಿತ್ತು. ಪಾಲಿನ ಹಸುಗಳ ಬಗ್ಗೆ ಯಾರದು ಎಂದು ಒಮ್ಮೆ ಬಾಯಿಬಿಟ್ಟು ಕೇಳಿದರೆ ಐವತ್ತು ಮನೆಗಳು ಐವತ್ತು ಮನೆಗಳ ಮೇಲೆ ಬೀಳುತ್ತವೆ. ಹಳೆಯ ಕರುಗಳ ಲೆಕ್ಕ ಹೊರಡುತ್ತದೆ. ಬೀಗರು ಮಾತು ಬಿಡುತ್ತಾರೆ. ನಿಷ್ಠುರವೆಲ್ಲ ಅವನ ತಲೆಗೆ ಬರುತ್ತದೆ. ಹಿರಿಯ ಹೆದರಿದ. ಹೆದರಿದೆನೆಂದು ತನಗೆ ತಾನೂ ಹೇಳಿಕೊಳ್ಳಲಿಲ್ಲ. ಮಳೆಗಾಲ ಹತ್ತಿರ ಬಂತು, ಕೆಲಸ ಬಹಳವಿದೆ ಎಂದು ಹೇಳಿಕೊಂಡ.

ಕೊಟ್ಟಿಗೆ ಎದ್ದಿತು. ಅಂಥ ಕೊಟ್ಟಿಗೆ ಆ ಸೀಮೆಯಲ್ಲೇ ಇರಲಿಲ್ಲ. ಕೇರಿಗೊಂದು ಸಾಲು. ಗೂಟಕ್ಕೊಂದು ಮರದ ಬಿಲ್ಲೆ. ಬಿಲ್ಲೆಯ ಮೇಲೆ ಆಯಾ ಕೇರಿಯವರು ತಮಗೆ ತಿಳಿದಂತೆ ದನದ ಗುರುತು ಕೆತ್ತಿಸಿದರು. ದನ ಕಟ್ಟುವ ದಿನ ಹಿರಿಯನಿಗೆ ಪೇಟ ತೊಡಿಸಿದರು. ಸಾಲಿನ ಉದ್ದಕ್ಕೂ ನಡೆದು ನೋಡಿದಾಗ ಐವತ್ತು ಗೂಟ ಖಾಲಿ ಇದ್ದವು. ಅವನು ಅಲ್ಲೇ ನಿಂತ. ಪಕ್ಕದಲ್ಲಿದ್ದವನು, ಮುಂದೆ ದನ ಹೆಚ್ಚಿದಾಗ ಬೇಕಾಗುತ್ತದಲ್ಲ ಎಂದ. ಹೌದಲ್ಲ ಎಂದುಕೊಂಡು ಹಿರಿಯ ಮುಂದೆ ನಡೆದ.

ಪಾಲಿನ ಹಸುವನ್ನು ಎರಡು ಕೇರಿಯವರೂ ಎಣಿಸಿದ್ದರು. ಆದ್ದರಿಂದ ಅದಕ್ಕೆ ಎರಡು ಸಾಲಿನಲ್ಲಿ ಎರಡು ಗೂಟ, ಎರಡು ಬಿಲ್ಲೆ. ಮೊದಲು ಹಸು ದೂರದ ಕೇರಿಯಲ್ಲಿದ್ದಾಗ ಒಡೆಯ ಹಾಲಿನ ಮಾತೆತ್ತಿರಲಿಲ್ಲ. ಈಗ ಕಣ್ಣೆದುರಿಗೇ ಬಂತು. ಸಂಜೆಯ ಹಾಲು ನನಗೆ ಎಂದ. ಸಾಕಿದವನು ಬೆಳಗಿನದು ನನಗೆ ಎಂದ. ಹಸು ಸಂಜೆ ಮೇದು ಬಂದು ಒಡೆಯನ ಗೂಟದಲ್ಲಿ ನಿಲ್ಲುತ್ತಿತ್ತು. ಬೆಳಗಿನ ಹೊತ್ತಿಗೆ ಸಾಕಿದವನ ಗೂಟಕ್ಕೆ ಹೋಗುತ್ತಿತ್ತು. ಇದನ್ನು ಅವರವರೇ ಗೊತ್ತು ಮಾಡಿಕೊಂಡರು. ಹಿರಿಯನಿಗೆ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ರೋಗ ಮತ್ತೆ ಬಂತು. ಒಂದು ಬೆಳಿಗ್ಗೆ ಕೆಳಗಿನ ಕೇರಿಯವನೊಬ್ಬ ಓಡಿಬಂದ. ಕೊಂಬಿಲ್ಲದವಳ ಮೂರನೆಯ ಕರುವಿಗೆ ಜಡ್ಡು ಬಿದ್ದಿದೆ ಎಂದ. ಹಿರಿಯ ತಡಮಾಡಲಿಲ್ಲ. ಹಸುವನ್ನು ನೋಡಲು ಹೋಗದೆ ಬಿಲ್ಲೆ ನೋಡಿದ. ಕೆಳಗಿನ ಸಾಲಿನ ಗೂಟ. ಆ ಹಸುವನ್ನೂ, ಅದರ ಜೊತೆ ಮೇಯುತ್ತಿದ್ದ ಕೆಳಗಿನ ಕೇರಿಯ ಅಷ್ಟೂ ದನವನ್ನೂ ಬೆಟ್ಟದ ಆಚೆಗೆ ಹೊಡೆಸಿದ. ಆ ಸಾಲನ್ನು ತೊಳೆಸಿ ಬೇವಿನ ಹೊಗೆ ಹಾಕಿಸಿದ. ಕೆಂಚಿ ಇದ್ದದ್ದು ಮೇಲಿನ ಸಾಲಿನಲ್ಲಿ. ಅದು ಬೇರೆಯದೇ ದಿಕ್ಕಿಗೆ ಮೇಯಲು ಹೋಗುತ್ತಿತ್ತು. ಆ ದಿನ ಕೂಸಿಗೆ ಹಾಲು ಕುಡಿಸುವಾಗ ಹಿರಿಯನಿಗೆ ಅಳು ಬಂತು. ಕೊಟ್ಟಿಗೆ ನನ್ನ ಮೊಮ್ಮಗಳನ್ನು ಉಳಿಸಿತು ಎಂದು ಮನೆಯವರಿಗೆ ಹೇಳಿದ.

ಆರನೆಯ ದಿನ ಬೆಟ್ಟದ ಆಚೆ ದನಗಳ ಗತಿ ಏನಾಯಿತೆಂದು ನೋಡಲು ಹೋದ. ಮೊದಲು ಜಡ್ಡು ಬಿದ್ದ ಹಸು ಕೊನೆಯುಸಿರು ಎಳೆಯುತ್ತಿತ್ತು. ಅವನು ಹತ್ತಿರ ಹೋಗಿ ಬಗ್ಗಿದ. ಹಣೆಯ ಮೇಲೆ ಬಿಳಿ ಚುಕ್ಕೆ. ಎಡಗಿವಿ ಸೀಳಿತ್ತು. ಆ ಹಣೆಯನ್ನು ಅವನು ಎಷ್ಟೋ ಸಂಜೆ ಸವರಿದ್ದ. ಕೆಂಚಿಯ ಗೂಟಕ್ಕೆ ಹೋಗುವಾಗಲೆಲ್ಲ ದಾರಿಗೆ ಅಡ್ಡವಾಗಿ ಮೂತಿ ಚಾಚುತ್ತಿದ್ದ ಹಸು ಅದು. ಐದು ದಿನದಿಂದ ಅದರ ಗೂಟ ಬರಿದಾಗಿದ್ದದ್ದನ್ನು ಕಂಡೂ, ಖಾಲಿ ಗೂಟ ಎಷ್ಟೋ ಇವೆಯಲ್ಲ ಎಂದುಕೊಂಡಿದ್ದ. ಮೇಲಿನ ಸಾಲಿನ ಹಸು, ತೊಡೆಯ ಮೇಲೆ ಮೇಲಿನ ಕೇರಿಯ ಬರೆ ಇದ್ದ ಹಸು. ಕೆಂಚಿಗೂ ಅದಕ್ಕೂ ನಡುವೆ ಇದ್ದದ್ದು ಒಂದೇ ಗೂಟ.

ಅವನು ಅಲ್ಲೇ ಕೆಸರಿನಲ್ಲಿ ಕೂತ.

ಸಾಕಿದವನು ಅಲ್ಲೇ ನಿಂತಿದ್ದ. ರಾತ್ರಿ ಇದು ಮೇಲಿನ ಸಾಲಿನಲ್ಲಿ ನಿಲ್ಲುತ್ತಿತ್ತೆಂದು ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಹಸು ಒಡೆಯನದು, ಹೇಳಬೇಕಾದವನು ಅವನು ಎಂದ. ಒಡೆಯನನ್ನು ಕರೆಸಿ ಕೇಳಿದರೆ, ಹಸು ಇದ್ದದ್ದು ಸಾಕಿದವನ ಕೈಯಲ್ಲಿ, ಹೇಳಬೇಕಾದವನು ಅವನು ಎಂದ. ಇಬ್ಬರ ಮುಖವೂ ಬಿಳುಚಿತ್ತು. ತಮ್ಮ ಸಾಲನ್ನೂ ಹೊಡೆದಟ್ಟುತ್ತಾರೆಂದು ಒಡೆಯ ಹೆದರಿ ಸುಮ್ಮನಿದ್ದ ಎಂಬುದು ಯಾರೂ ಹೇಳದೆ ಎಲ್ಲರಿಗೂ ತಿಳಿಯಿತು. ಹಿರಿಯ ಅವನನ್ನು ಬೈಯಲು ಬಾಯಿ ತೆರೆದ. ಬೈಯದೆ ಎದ್ದು ಕೊಟ್ಟಿಗೆಯ ಕಡೆ ನಡೆದ. ಹೆದರಿ ಸುಮ್ಮನಿದ್ದವನು ಅವನೊಬ್ಬನೇ ಆಗಿರಲಿಲ್ಲ.

ಅವನು ಹಿಂದಿರುಗುವಷ್ಟರಲ್ಲಿ ಕೆಂಚಿ ಮೆಲುಕು ನಿಲ್ಲಿಸಿತ್ತು. ಮೂರು ದಿನಕ್ಕೆ ಸತ್ತಿತು. ಆಮೇಲೆ ಸಾಲಿಗೆ ಸಾಲೇ ಹೋಯಿತು. ಎಲ್ಲವೂ ಒಂದೇ ಸೂರಿನಡಿ ಇದ್ದದ್ದರಿಂದ ರೋಗಕ್ಕೆ ಕೇರಿಯಿಂದ ಕೇರಿಗೆ ನಡೆಯುವ ಶ್ರಮವೂ ಇರಲಿಲ್ಲ. ಹಿಂದಿನ ಸಲ ಅರ್ಧವಾದರೂ ಉಳಿದಿದ್ದವು. ಈ ಸಲ ಉಳಿದದ್ದು ಏಳು ದನ, ಅವುಗಳಲ್ಲಿ ಕರೆಯುವಂಥದು ಒಂದೂ ಇಲ್ಲ.

ಕೂಸು ಎರಡು ದಿನ ಅತ್ತಿತು. ಮೂರನೆಯ ದಿನ ಅಳುವ ಶಕ್ತಿಯೂ ಉಳಿಯಲಿಲ್ಲ. ಹಿರಿಯ ಅದನ್ನು ಹೊದಿಕೆಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ದೂರದ ಊರಿಗೆ ನಡೆದ. ಅಲ್ಲಿ ಒಬ್ಬ ಕುಂಬಾರನ ಹೆಂಡತಿಯ ಕೂಸು ಆ ವಾರ ತೀರಿಕೊಂಡಿತ್ತು. ಅವಳ ಎದೆಯಲ್ಲಿ ಹಾಲಿತ್ತು. ಅವಳು ಕೈ ಚಾಚಿದಳು, ಆದರೆ ಮಗುವನ್ನು ತೆಗೆದುಕೊಳ್ಳಲಿಲ್ಲ.

“ಇವ್ಳು ಯಾರ ಮಗ್ಳು ಅನ್ನೋದು ಈಗ್ಲೇ ತೀರ್ಮಾನ ಆಗ್ಲಿ, ಅಪ್ಪಾ. ಕುಡಿಸಿ ಬೆಳೆಸಿದ್ಮೇಲೆ ನೀವು ಬಂದು ನಮ್ದು ಅಂದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ.”

ಹಿರಿಯ ಮಗುವಿನ ಮುಖ ನೋಡಿದ. ಸತ್ತ ಮಗಳ ಮೂಗು, ಮಗಳದೇ ಗಲ್ಲ. ಕೇಳಬೇಕಾದ ಪ್ರಶ್ನೆಯನ್ನು ಅವನಿಗೆ ಯಾರೋ ಕೊನೆಗೂ ಕೇಳಿದ್ದರು, ಉತ್ತರಕ್ಕೆ ಕಾದು ನಿಂತಿದ್ದರು.

“ನಿನ್ನ ಮಗ್ಳು” ಎಂದ. ಕೂಸನ್ನು ಕೊಟ್ಟು ತಿರುಗಿ ನಡೆದ. ಮತ್ತೆ ಆ ಊರಿನ ಕಡೆ ಹೋಗಲಿಲ್ಲ.

ಕೊಟ್ಟಿಗೆ ಬಹಳ ವರ್ಷ ನಿಂತಿತ್ತಂತೆ. ಒಂದು ತೊಲೆಯೂ ಬಾಗಿರಲಿಲ್ಲವಂತೆ. ಬಡಗಿಯ ಕೆಲಸದಲ್ಲಿ ಯಾರೂ ಒಂದು ಕುಂದು ಹೇಳುವಂತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಗಿರಿಮಲ್ಲನಿಗೆ ಆ ಹಿರಿಯನ ಮೇಲೆ ಸಿಟ್ಟೂ ಬಂದಿತ್ತು, ಕನಿಕರವೂ ಹುಟ್ಟಿತ್ತು.

“ಮುದುಕಿ ಹೇಳಿದ್ದು ಸರಿ ಎಂದು ಅವನಿಗೆ ಗೊತ್ತಿತ್ತು. ಮೊಮ್ಮಗಳ ಜೀವವೇ ಪಣಕ್ಕಿತ್ತು. ಆದರೂ ಆ ಒಂದು ಮಾತನ್ನು ಅವನು ಜನರನ್ನು ಕೂರಿಸಿ ಕೇಳಲಿಲ್ಲವಲ್ಲ, ಯಾಕೆ ಗುರುಗಳೇ?”

ಗುರುಗಳು ಅವನನ್ನೇ ನೋಡಿದರು.

“ಈ ನಾಲ್ಕು ತಿಂಗಳಲ್ಲಿ ನಿನ್ನ ಒಂಬತ್ತು ಆಸ್ಪತ್ರೆಗಳ ವೈದ್ಯರನ್ನು ನೀನು ಯಾಕೆ ಕೂರಿಸಿ ಕೇಳಲಿಲ್ಲವೋ, ಅದಕ್ಕೇ.”