ಟಗರುಗಳಿಲ್ಲದೆ ಹೊರಬಂದ ಮಂದೆ

“ಬುದ್ಧಿ, ದೊಡ್ಡ ಕೂಟದೊಳಕ್ಕೆ ಬಿದ್ದ ಗೆಲಾಕ್ಸಿ ಕೊನೆಗೆ ಏನಾಗುತ್ತದೆ? ಉಳಿಯುತ್ತದೆಯೋ, ಮಿಕ್ಕವು ಸೇರಿ ಅದನ್ನು ನುಂಗಿಬಿಡುತ್ತವೆಯೋ?”

ಕೇಳಿದವಳು ಕೊಟ್ರಮ್ಮ. ಮಠದ ದಾಸೋಹದ ಅಡುಗೆ ಅವಳ ಕೈಯಲ್ಲಿತ್ತು. ಮಧ್ಯಾಹ್ನದ ಊಟವಾದ ಮೇಲೆ ಗುರುಗಳು ಶಿಷ್ಯರಿಗೆ ಆಕಾಶದ ಪಾಠ ಹೇಳುವ ರೂಢಿ. ಲೆಕ್ಕವಿಲ್ಲದಷ್ಟು ನಕ್ಷತ್ರಗಳು ಸೇರಿದರೆ ಒಂದು ಗೆಲಾಕ್ಸಿ, ಅಂಥ ನೂರಾರು ಗೆಲಾಕ್ಸಿಗಳು ಒಂದೆಡೆ ನೆರೆದರೆ ಒಂದು ಕೂಟ ಎಂದು ಹಿಂದಿನ ದಿನ ಹೇಳಿದ್ದರು. ಆ ಹೊತ್ತಿನಲ್ಲಿ ಕೊಟ್ರಮ್ಮ ಕಂಬಕ್ಕೆ ಒರಗಿ ಅವರೆಕಾಯಿ ಸುಲಿಯುತ್ತಿದ್ದಳು. ಅಲ್ಲಿಯವರೆಗೆ ಆಕಾಶದ ಬಗ್ಗೆ ಅವಳು ಕೇಳಿದ್ದ ಒಂದೇ ಪ್ರಶ್ನೆ, ಮಳೆ ಬರುತ್ತದೆಯೋ, ಹಪ್ಪಳ ಒಣಹಾಕಲೋ ಎಂಬುದು.

ಗುರುಗಳು ಅವಳನ್ನು ನೋಡಿದರು.

“ಪ್ರಶ್ನೆ ಆಕಾಶದ್ದು. ಮುಖ ಅಡುಗೆಮನೆಯದು. ನಾಳೆ ಬರುವವರ ಚಿಂತೆಯೇ?”

ಅದೇ ಚಿಂತೆ. ಹೊಳೆಯಾಚೆಯ ಮಠದ ಗುರುಗಳು ತೀರಿಕೊಂಡಿದ್ದರು. ಆ ಮಠದವರೆಲ್ಲ ನಾಳೆ ಇಲ್ಲಿಗೆ ಬಂದು ನೆಲೆಸುವವರಿದ್ದರು. ಇಲ್ಲಿಯವರಿಗಿಂತ ಅವರೇ ಹೆಚ್ಚು ಜನ. ಅವರ ಜೊತೆಗೆ ಅವರ ಅಡುಗೆಯವಳೂ ಬರುತ್ತಾಳೆ, ಅವಳ ಹಂಡೆ ಕೊಳಗಗಳೂ ಬರುತ್ತವೆ.

“ಅವಳು ಸಾರಿಗೆ ಬೆಲ್ಲ ಹಾಕುತ್ತಾಳಂತೆ ಬುದ್ಧಿ. ಹಾಕಲಿ, ಅವರ ನಾಲಿಗೆ ಅವರದು. ಆದರೆ ನಾಳೆ ಅವಳು ಬಂದು ನನ್ನ ಒಲೆಯ ಮುಂದೆ ಕೂತರೆ ನಾನೆಲ್ಲಿ ಕೂರಲಿ? ಈ ಮಠದ ಊಟಕ್ಕೆ ಒಂದು ರುಚಿ ಇದೆ. ಅದು ನನ್ನ ಕೈಗುಣ ಅಂತ ನಾನು ಹೇಳಿಕೊಳ್ಳುವುದಿಲ್ಲ, ಉಂಡವರು ಹೇಳುತ್ತಾರೆ. ಆ ರುಚಿಯೇ ಹೋದ ಮೇಲೆ ನಾನು ಇದ್ದೂ ಇಲ್ಲದ ಹಾಗೆ. ಅವರು ಬರುವ ಮುಂಚೆಯೇ ಅಡುಗೆಮನೆಗೆ ಬೀಗ ಹಾಕಿ ತವರಿಗೆ ಹೋಗಿಬಿಡೋಣ ಅನ್ನಿಸಿದೆ.”

“ಹೋಗು. ಯಾರೂ ಕಟ್ಟಿಹಾಕಿಲ್ಲ. ಹೋಗುವ ಮುಂಚೆ ಒಂದು ಕತೆ ಕೇಳಿ ಹೋಗು.”

ಕೊಟ್ರಮ್ಮ ಸೆರಗು ಸರಿಮಾಡಿಕೊಂಡು ಕೂತಳು. ಕತೆ ಕೇಳಿ ಮನಸ್ಸು ಬದಲಾಯಿಸುವ ಪೈಕಿ ತಾನಲ್ಲ ಎಂಬುದನ್ನು ಕೂತ ರೀತಿಯಲ್ಲೇ ತೋರಿಸಿದಳು. ಗುರುಗಳು ಅದನ್ನು ನೋಡದವರ ಹಾಗೆ ಶುರುಮಾಡಿದರು.

ಒಬ್ಬ ಕುರಿಗಾರ ಇದ್ದ. ದೂರದ ಗುಡ್ಡದಲ್ಲಿ ಅವನೊಬ್ಬನೇ, ಅವನ ಮಂದೆ ಒಂದೇ. ಹುಲ್ಲಿಗೆ ಪೈಪೋಟಿ ಇರಲಿಲ್ಲ. ಟಗರುಗಳು ಮಂದೆಯ ಜೊತೆಗೇ ಮೇಯುತ್ತಿದ್ದವು. ವರ್ಷ ವರ್ಷವೂ ಕುರಿ ಕೂಡುವ ರೊಪ್ಪದ ತುಂಬ ಮರಿಗಳಾಗುತ್ತಿದ್ದವು.

“ಕುರಿಗಳೆಂದರೆ ನಕ್ಷತ್ರಗಳು ಎಂದುಕೋ. ಗೆಲಾಕ್ಸಿಯಲ್ಲಿ ಹೊಸ ನಕ್ಷತ್ರ ಹುಟ್ಟಬೇಕಾದರೆ ಅನಿಲ ಬೇಕು. ಆ ಅನಿಲವನ್ನು ಟಗರು ಎಂದುಕೋ.”

“ಟಗರಿದ್ದರೆ ಮರಿ ತಾನಾಗಿ ಉದುರುತ್ತದೆಯೇ ಬುದ್ಧಿ? ಕತೆಯಲ್ಲೂ ಹೆತ್ತವಳನ್ನು ಕೇಳುವವರಿಲ್ಲ.”

“ಹೆತ್ತವಳನ್ನು ಕೇಳಿದರೆ ಕತೆ ಗುಡ್ಡ ಇಳಿಯುವುದೇ ಇಲ್ಲ. ಸುಮ್ಮನೆ ಕೇಳು.”

ಗುಡ್ಡದ ಕೆಳಗೆ ಒಂದು ವಿಶಾಲವಾದ ಬಯಲಿತ್ತು. ಸುತ್ತಲಿನ ಸೀಮೆಯ ಮಂದೆಗಳೆಲ್ಲ ಅಲ್ಲಿ ಸೇರುತ್ತಿದ್ದವು. ಅಲ್ಲಿಗೆ ಬನ್ನಿ ಎಂದು ಯಾರೂ ಕರೆಯುತ್ತಿರಲಿಲ್ಲ. ಕುರಿ ಇದ್ದ ಕಡೆಗೆ ಕುರಿ ಹೋಗುತ್ತದೆ, ಅಷ್ಟೇ. ಈ ಕುರಿಗಾರನ ಮಂದೆಯೂ ಮೇಯುತ್ತ ಮೇಯುತ್ತ ಆ ಕಡೆಗೆ ವಾಲಿತು. ಮೊದಲು ಅದು ಅವನ ಗಮನಕ್ಕೇ ಬರಲಿಲ್ಲ. ಗಮನಕ್ಕೆ ಬರುವ ಹೊತ್ತಿಗೆ ಕುರಿಗಳು ನಡೆಯುವುದನ್ನು ಬಿಟ್ಟು ಓಡುತ್ತಿದ್ದವು. ಬಯಲು ಹತ್ತಿರವಾದಷ್ಟೂ ಓಟ ಜೋರಾಯಿತು. ಅಡ್ಡ ನಿಂತು ಕೂಗಿದ, ಕೋಲು ಬೀಸಿದ, ಕಂಬಳಿ ಬೀಸಿದ. ಕುರಿಗಳು ಅವನ ಎರಡೂ ಪಕ್ಕದಿಂದ ಹರಿದುಹೋದವು.

ಬಯಲಿಗೆ ಇಳಿದವನ ಮಂದೆ ಅವನದಾಗಿ ಉಳಿಯುವುದಿಲ್ಲ ಎಂದು ಅವನು ಕೇಳಿದ್ದ. ಬಯಲಿನ ನಟ್ಟನಡುವೆ ಒಬ್ಬ ಮುದುಕಿ ಇದ್ದಾಳೆ, ಅವಳ ಮಂದೆ ಎಲ್ಲರ ಮಂದೆಯನ್ನೂ ನುಂಗುತ್ತದೆ ಎಂದೂ ಕೇಳಿದ್ದ. ಅದಕ್ಕೇ ಬಯಲಿನ ಅಂಚಿನ ಹಳ್ಳದಲ್ಲಿ ಕುರಿಗಳು ನೀರಿಗೆ ನಿಂತಾಗ ಒಂದು ಉಪಾಯ ಮಾಡಿದ. ಕೆಮ್ಮಣ್ಣು ಕಲಸಿ ಒಂದೊಂದು ಕುರಿಯ ಬೆನ್ನಿಗೂ ಅಂಗೈಯಗಲ ಬಳಿದ. ಕುಂಟ ಕುರಿಯನ್ನೂ ಬಿಡಲಿಲ್ಲ, ಕಿವುಡ ಕುರಿಯನ್ನೂ ಬಿಡಲಿಲ್ಲ. ಟಗರುಗಳಿಗೆ ಮಾತ್ರ ಬಳಿಯಲಿಲ್ಲ.

‘ಈ ಕೊಂಬು, ಈ ಕತ್ತು! ನನ್ನ ಟಗರುಗಳಿಗೂ ಗುರುತು ಬೇಕೇ?’ ಎಂದು ತನಗೆ ತಾನೇ ಹೇಳಿಕೊಂಡ. ಅವುಗಳ ಕೊಂಬಿಗೆ ಎಣ್ಣೆ ಸವರಿ ಮುಂದೆ ಬಿಟ್ಟ.

ಮಂದೆ ಬಯಲಿಗೆ ನುಗ್ಗಿತು. ಎದುರಿನಿಂದಲೂ ಮಂದೆ, ಪಕ್ಕದಿಂದಲೂ ಮಂದೆ. ಧೂಳೆದ್ದಿತು. ಇನ್ನು ಕುರಿಗೆ ಕುರಿ ಗುದ್ದಿ ಕಾಲು ಮುರಿಯುತ್ತವೆ ಎಂದು ಕುರಿಗಾರ ಕಣ್ಣು ಮುಚ್ಚಿಕೊಂಡ. ಹಾಗೇನೂ ಆಗಲಿಲ್ಲ. ಕುರಿಗಳು ಕುರಿಗಳ ಸಂದಿಯಲ್ಲಿ ನುಸುಳಿದವು. ಒಂದು ಮಂದೆಯ ಹೊಟ್ಟೆಯೊಳಗಿಂದ ಇನ್ನೊಂದು ಮಂದೆ ಹಾದುಹೋಯಿತು. ಬಾಲಕ್ಕೆ ಬಾಲ ಸೋಕಲಿಲ್ಲ.

“ಆಕಾಶದಲ್ಲಿಯೂ ಹೀಗೆಯೇ ಬುದ್ಧಿ?”

“ಅಲ್ಲಿಯೂ ಹೀಗೆಯೇ. ಗೆಲಾಕ್ಸಿಯೊಳಗಿಂದ ಗೆಲಾಕ್ಸಿ ಹಾದುಹೋಗುತ್ತದೆ. ನಕ್ಷತ್ರ ನಕ್ಷತ್ರದ ನಡುವೆ ಅಷ್ಟು ದೂರವಿದೆ, ಒಂದಕ್ಕೊಂದು ತಾಗುವುದೇ ಇಲ್ಲ ಎನ್ನಬಹುದು. ತಾಗುವುದು ಅನಿಲ.”

ಟಗರಿಗೆ ಸಂದಿ ಕಾಣುವುದಿಲ್ಲ. ಟಗರಿಗೆ ಕಾಣುವುದು ಎದುರಿಗಿರುವ ಟಗರು. ಮೊದಲೇ ಬಂದಿದ್ದ ಮಂದೆಗಳ ಟಗರುಗಳು ಬಯಲಿನ ತುಂಬ ಮೈ ಕಾವೇರಿಸಿಕೊಂಡು ನಿಂತಿದ್ದವು. ಕುರಿಗಾರನ ಟಗರುಗಳು ಅವಕ್ಕೆ ಹಣೆ ಕೊಟ್ಟವು. ಹೆಣ್ಣು ಕುರಿಗಳು ಮುಂದೆ ಸಾಗಿದವು, ಟಗರುಗಳು ಗುದ್ದಾಡುತ್ತ ಹಿಂದೆ ಉಳಿದವು. ಟಗರುಗಳ ಮೇಲೆ ಆಸೆಯಿದ್ದ ಕೆಲವು ಕುರಿಗಳು ಕಾಲೆಳೆದುಕೊಂಡು ಅವುಗಳ ಹಿಂದೆಯೇ ಅಲ್ಲಲ್ಲಿ ನಿಂತವು.

“ಗಂಡಸರನ್ನು ಜಾತ್ರೆಗೆ ಕರೆದುಕೊಂಡು ಹೋದ ಹಾಗಾಯಿತು,” ಎಂದಳು ಕೊಟ್ರಮ್ಮ. ಅವಳ ಮುಖದ ಬಿಗಿ ಸ್ವಲ್ಪ ಸಡಿಲವಾಗಿತ್ತು.

ಬಯಲಿನ ಆಚೆಯ ಅಂಚಿಗೆ ಬಂದು ಕುರಿಗಾರ ಧೂಳು ಒರೆಸಿಕೊಂಡು ನೋಡಿದ. ಕೆಂಪು ಬೆನ್ನು, ಕೆಂಪು ಬೆನ್ನು, ಎಲ್ಲೆಲ್ಲೂ ಕೆಂಪು ಬೆನ್ನು. ಮಂದೆ ಹೆಚ್ಚುಕಡಿಮೆ ಹೋದ ಹಾಗೆಯೇ ಹೊರಬಂದಿತ್ತು. ಅವನು ಕಂಬಳಿ ಮೇಲಕ್ಕೆ ಹಾರಿಸಿ ಕುಣಿದ. ‘ಮುದುಕಿ ಬಾಯಿ ತೆರೆದುಕೊಂಡೇ ಕೂತಿರಬೇಕು, ನಾನು ಹಲ್ಲಿನ ಸಂದಿಯಿಂದ ಬಂದುಬಿಟ್ಟೆ’ ಎಂದು ನಕ್ಕ. ಟಗರುಗಳು ಕಾಣಲಿಲ್ಲ. ಗುದ್ದಾಟ ಮುಗಿಸಿ ಸಂಜೆಗೆ ಬರುತ್ತವೆ ಎಂದುಕೊಂಡ.

ಸಂಜೆಗೆ ಬರಲಿಲ್ಲ. ಮರುದಿನವೂ ಬರಲಿಲ್ಲ.

ಮರಿ ಹಾಕುವ ಕಾಲ ಬಂತು. ಅಲ್ಲೇ ಒಂದು ರೊಪ್ಪ ಹಾಕಿ ಗುಡಿಸಿ, ಮರಿಗಳಿಗೆ ಎಳೆ ಸೊಪ್ಪು ತಂದಿಟ್ಟು ಕಾದ. ಒಂದು ಮರಿಯ ದನಿಯೂ ಏಳಲಿಲ್ಲ. ಹುಲ್ಲನ್ನು ಬೈದ. ನೀರನ್ನು ಬೈದ. ಕುರಿಗಳ ಬಾಯಿ ತೆರೆದು ನೋಡಿದ. ಹಲ್ಲು ಸವೆದಿದ್ದವು. ಬೆನ್ನಿನ ಕೆಮ್ಮಣ್ಣು ಇನ್ನೂ ಹಾಗೇ ಇತ್ತು. ಅವನ ಮಂದೆ ಅವನದಾಗಿಯೇ ಉಳಿದಿತ್ತು. ಉಳಿದು ಮುದಿಯಾಗುತ್ತಿತ್ತು.

ಬೀಗ ಹಾಕಿದ ಅಡುಗೆಮನೆ ಕೊಟ್ರಮ್ಮನ ಕಣ್ಣಿಗೆ ಕಟ್ಟಿತು. ಪಾತ್ರೆಗಳು ಬೆಳ್ಳಗೆ ತೊಳೆದಿಟ್ಟಿವೆ, ಒಲೆ ತಣ್ಣಗಿದೆ. ಅವಳಿಗೆ ಅದು ಹಿಡಿಸಲಿಲ್ಲ.

“ಆಮೇಲೆ ಬುದ್ಧಿ?”

ಟಗರುಗಳನ್ನು ಕೇಳಿ ತರುತ್ತೇನೆ ಎಂದು ಕುರಿಗಾರ ಎದ್ದ. ಅವನು ಏಳುವ ಮೊದಲೇ ಮಂದೆ ಬಯಲಿನ ಕಡೆಗೆ ತಿರುಗಿತ್ತು. ಒಮ್ಮೆ ಅಲ್ಲಿಗೆ ಬಿದ್ದ ಮಂದೆ ಆಚೆಯ ಅಂಚಿನಲ್ಲಿ ನಿಲ್ಲುವುದಿಲ್ಲ, ಮತ್ತೆ ನಡುವಿಗೇ ಬರುತ್ತದೆ. ಈ ಸಲ ಓಟ ಇರಲಿಲ್ಲ, ನಡಿಗೆ. ದಾರಿಯಲ್ಲಿ ಇನ್ನೊಂದು ಮಂದೆ ಎದುರಾಯಿತು. ಅದರ ಒಡೆಯನೂ ಇವನಂಥವನೇ. ಇವನು ಕೆಮ್ಮಣ್ಣು ಬಳಿದಿದ್ದರೆ ಅವನು ನೀಲಿ ಬಳಿದಿದ್ದ. ನಿಧಾನವಾಗಿ ನಡೆಯುವ ಎರಡು ಮಂದೆ ಒಂದರ ಪಕ್ಕದಲ್ಲಿ ಒಂದು ಹೋದರೆ ಬಿಡಿಸಿಕೊಳ್ಳುವುದು ಕಷ್ಟ. ಇವನ ಕುರಿಗಳು ಅತ್ತ ಎಳೆದವು, ಅವನ ಕುರಿಗಳು ಇತ್ತ ಎಳೆದವು. ಎರಡರಿಂದಲೂ ಉದ್ದನೆಯ ಸಾಲುಗಳು ಹೊರಟು ಬಯಲಿನಲ್ಲಿ ಚೆಲ್ಲಿದವು. ಯಾವ ಮಂದೆಗೂ ಸೇರದ ಕುರಿಗಳು ನಡುವೆ ನೆಮ್ಮದಿಯಾಗಿ ಮೇಯುತ್ತಿದ್ದವು. ನೀಲಿಯವನು ಸಿಕ್ಕ ಕುರಿಗೆಲ್ಲ ನೀಲಿ ಬಳಿದ. ಇವನು ಸಿಕ್ಕ ಕುರಿಗೆಲ್ಲ ಕೆಮ್ಮಣ್ಣು ಬಳಿದ. ಕೆಲವು ಕುರಿಗಳ ಬೆನ್ನಿನಲ್ಲಿ ಎರಡು ಬಣ್ಣವೂ ಸೇರಿ ಬದನೆಕಾಯಿ ಬಣ್ಣವಾಯಿತು.

ಹೋದ ಸಲ ಟಗರುಗಳು ಹಿಂದೆ ಬಿದ್ದಿದ್ದ ದಾರಿಯುದ್ದಕ್ಕೂ ಕುರಿಗಾರನಿಗೆ ಒಂದು ಸೋಜಿಗ ಕಾಣಿಸಿತು. ಅಲ್ಲಿ ಮರಿಗಳಿದ್ದವು. ತನ್ನ ಗುಡ್ಡದಲ್ಲಿ ಹುಟ್ಟಬೇಕಾದ ಮರಿಗಳು ಯಾರದೂ ಅಲ್ಲದ ಜಾಗದಲ್ಲಿ ಹುಟ್ಟಿ ನೆಗೆದಾಡುತ್ತಿದ್ದವು.

ಅವನು ಒಂದು ಮರಿಯ ಮುಂಗಾಲು ಹಿಡಿದ. ನೀಲಿಯವನು ಅದರ ಹಿಂಗಾಲು ಹಿಡಿದ.

‘ಬಿಡೋ, ನಿನ್ನ ಮಂದೆ ನನ್ನ ಮಂದೆಯನ್ನು ತಿಂದುಹಾಕಿತು. ಮರಿಯನ್ನೂ ತಿನ್ನುತ್ತೀಯಾ?’

‘ತಿಂದವನು ನೀನು, ಬೈಯುವವನೂ ನೀನೇ! ನನ್ನ ಅರ್ಧ ಮಂದೆ ನಿನ್ನ ಹೊಟ್ಟೆಯಲ್ಲಿದೆ ನೋಡಿಕೋ.’

ಹೀಗೆ ಮರಿಯನ್ನು ಎಳೆದಾಡುತ್ತಲೇ ಇಬ್ಬರೂ ಬಯಲಿನ ನಡುವಿಗೆ ಬಂದರು. ಅಲ್ಲಿ ಮುದುಕಿ ಕೂತಿದ್ದಳು. ಅವಳ ಸುತ್ತ ಕಣ್ಣು ಹಾಯುವಷ್ಟು ದೂರ ಕುರಿ. ಇಬ್ಬರೂ ಜಗಳ ನಿಲ್ಲಿಸಿ, ಜೊತೆಯಾಗಿ ಅವಳ ಮೇಲೆ ಬಿದ್ದರು. ಎಲ್ಲರನ್ನೂ ನುಂಗಿದವಳು ನೀನೇ ಎಂದರು.

ಮುದುಕಿ ನಕ್ಕಳು. ‘ನನ್ನನ್ನು ನುಂಗಿದವರು ಯಾರು ಅಂತ ಕೇಳೋಣ ಅಂತ ನಾನೂ ಕೂತಿದ್ದೇನೆ ಮಕ್ಕಳೇ. ನಾನು ಬಂದಾಗ ನನ್ನದೊಂದು ಸಣ್ಣ ಮಂದೆ ಇತ್ತು. ಬೆನ್ನಿಗೆ ಅರಿಸಿನ ಬಳಿದಿದ್ದೆ. ಈ ರಾಶಿಯಲ್ಲಿ ಒಂದು ಅರಿಸಿನದ ಬೆನ್ನು ಹುಡುಕಿ ಕೊಡಿ, ನಿಮ್ಮ ಕುರಿಗಳನ್ನೆಲ್ಲ ಹೊಡೆದುಕೊಂಡು ಹೋಗಿ.’

ಇಬ್ಬರೂ ಹುಡುಕಿದರು. ಒಂದೂ ಸಿಗಲಿಲ್ಲ. ಅಷ್ಟರಲ್ಲಿ ಮರಿ ಹಸಿದು ಕೂಗಿತು. ಎರಡು ಬಣ್ಣದ ಬೆನ್ನಿನ ಕುರಿಯೊಂದು ಎಲ್ಲಿಂದಲೋ ಓಡಿಬಂದು ಮರಿಯನ್ನು ಮೂಸಿ ನಿಂತಿತು. ಅದರ ಕೆಚ್ಚಲು ಬಿಗಿದು ಕಲ್ಲಾಗಿತ್ತು. ಮರಿ ಬಾಯಿ ಹಾಕಿದರೆ ಸಾಕು, ನೋವಿಗೆ ಜಾಡಿಸಿ ಒದೆಯಿತು.

‘ಯಾರ ಕುರಿ ಅನ್ನುವ ಪಂಚಾಯಿತಿ ಆಮೇಲೆ ಮಾಡೋಣ,’ ಎಂದಳು ಮುದುಕಿ. ‘ಈಗ ಕುರಿ ಹಿಡಿದುಕೊಳ್ಳುವುದಕ್ಕೆ ಒಬ್ಬ ಬೇಕು, ಹಾಲು ಸ್ವಲ್ಪ ಕರೆದು ಕೆಚ್ಚಲು ಸಡಿಲಿಸುವುದಕ್ಕೆ ಇನ್ನೊಬ್ಬ ಬೇಕು. ಬೇಗ ಹೇಳಿ, ಯಾರು ಯಾವುದಕ್ಕೆ?’

ನೀಲಿಯವನು ಕುರಿಯ ಕತ್ತು ಹಿಡಿದ. ಇವನು ಕೂತು ಹಾಲು ಕರೆದ. ಕುರಿ ಇಬ್ಬರಿಗೂ ಒಂದೊಂದು ಒದೆ ಕೊಟ್ಟು ಸುಮ್ಮನಾಯಿತು. ಮರಿ ಕುಡಿಯಿತು. ಅದನ್ನು ನೋಡುತ್ತ ಇಬ್ಬರೂ ಅಲ್ಲೇ ಕೂತರು. ಸ್ವಲ್ಪ ಹೊತ್ತಿಗೆ ನೀಲಿಯವನು ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಇವನ ಕಡೆಗೆ ನೂಕಿದ. ಇವನು ಚೀಲದಿಂದ ಉಪ್ಪು ಮೆಣಸಿನಕಾಯಿ ತೆಗೆದ.

ಇಬ್ಬರೂ ಹಿಂತಿರುಗಲಿಲ್ಲ. ಮಳೆ ಬಂದು ಬಣ್ಣ ತೊಳೆಯಿತು. ಮತ್ತೆ ಬಳಿಯಲು ಇಬ್ಬರಿಗೂ ಪುರುಸೊತ್ತಾಗಲಿಲ್ಲ.

“ಹಾಗಾದರೆ ಅವನ ಮಂದೆ ಹೋಯಿತಲ್ಲ ಬುದ್ಧಿ?”

“ಗುಡ್ಡದ ಮೇಲೆ ಇದ್ದ ಮಂದೆ ಹೋಯಿತು. ಆಕಾಶದಲ್ಲೂ ಅಷ್ಟೆ. ಕೂಟಕ್ಕೆ ಬಿದ್ದ ಗೆಲಾಕ್ಸಿ ಬಂದ ಹಾಗೆಯೇ ಉಳಿಯುವುದಿಲ್ಲ. ಅದರ ಅನಿಲ ಹೋಗಿ ಎಲ್ಲರ ಅನಿಲದಲ್ಲಿ ಸೇರುತ್ತದೆ. ಕೆಲವು ನಕ್ಷತ್ರಗಳು ಗೆಲಾಕ್ಸಿ ಬಿಟ್ಟು ನಡುವೆ ಅಲೆಯುತ್ತವೆ. ಕೆಲವು ಹೊಸವು ದಾರಿಯಲ್ಲೇ ಹುಟ್ಟುತ್ತವೆ. ಎರಡು ಸೇರಿ ಒಂದಾಗುವುದೂ ಉಂಟು. ನಡುವೆ ಇರುವ ಎಲ್ಲಕ್ಕಿಂತ ದೊಡ್ಡ ಗೆಲಾಕ್ಸಿಯನ್ನು ನೋಡಿ, ಎಲ್ಲವನ್ನೂ ನುಂಗುವುದು ಇದೇ ಎನ್ನುತ್ತೇವೆ. ಅದು ಬಂದು ಸೇರಿದವುಗಳಿಂದಲೇ ಆದದ್ದು. ಕತೆ ಇನ್ನೂ ಮುಗಿದಿಲ್ಲ, ಸ್ವಲ್ಪ ಇದೆ.”

ಒಂದು ದಿನ ಕುರಿಗಾರ ಬಯಲಿನ ಅಂಚಿನಲ್ಲಿ ಕುರಿ ಮೇಯಿಸುತ್ತಿದ್ದ. ಗುಡ್ಡದ ಕಡೆಯಿಂದ ಧೂಳೆದ್ದಿತು. ಒಂದು ಸಣ್ಣ ಮಂದೆ ಓಡಿಬರುತ್ತಿತ್ತು. ಎಲ್ಲ ಕುರಿಗಳ ಬೆನ್ನಿಗೂ ಸುಣ್ಣ ಬಳಿದಿತ್ತು. ಅದರ ಹಿಂದೆ ಒಬ್ಬ ಹೊಸ ಕುರಿಗಾರ ಏದುಸಿರು ಬಿಡುತ್ತ ಬಂದ. ಇವನ ಹಿಂದೆ ಹರಡಿದ್ದ ಕುರಿಗಳನ್ನು ನೋಡಿ ತಟ್ಟನೆ ನಿಂತ. ಕೋಲನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ಕೇಳಿದ:

‘ಅಣ್ಣಾ, ಮಂದೆ ನುಂಗುವವನು ನೀನೇ ಏನು?’

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕೊಟ್ರಮ್ಮ ಕಾದಳು. ತಾಳ್ಮೆ ಅವಳ ಹುಟ್ಟುಗುಣವಾಗಿರಲಿಲ್ಲ.

“ಅದಕ್ಕೆ ಅವನು ಏನು ಹೇಳಿದ ಬುದ್ಧಿ?”

“ನಾಳೆ ಆ ಅಡುಗೆಯವಳು ಬಾಗಿಲಲ್ಲಿ ನಿಂತು ನಿನ್ನನ್ನು ನೋಡುತ್ತಾಳಲ್ಲ, ಆಗ ನೀನು ಏನು ಹೇಳುತ್ತೀಯೋ ಅದನ್ನೇ ಹೇಳಿದ.”

ಕೊಟ್ರಮ್ಮ ಎದ್ದು ಅಡುಗೆಮನೆಗೆ ಹೋಗಿ, ಒಲೆಯ ಮುಂದಿನ ತನ್ನ ಮಣೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು.